ಒಬ್ಬರೇ ಹೊರಟಿದ್ದೀರಾ? ಮಂಗಳೂರು–ಉಡುಪಿ ಪ್ರಯಾಣದ ಪ್ರಶ್ನೋತ್ತರ

ಮಂಗಳೂರಿಗೋ ಉಡುಪಿಗೋ ಒಬ್ಬರೇ ಹೊರಟಿರುವ ಓದುಗ ಹೆಂಗಸರ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಮೊದಲ ಸಲ ಒಬ್ಬಳೇ ಮೂರು ದಿನ ಎಲ್ಲಾದರೂ ಹೋಗಿಬರಬೇಕು ಅಂದುಕೊಂಡಿದ್ದೇನೆ. ಗೆಳತಿಯರು ಮಂಗಳೂರು ಅನ್ನುತ್ತಾರೆ. ಮನೆಯಲ್ಲಿ ‘ಪರಿಚಯದವರಿಲ್ಲದ ಊರು ಯಾಕೆ’ ಅನ್ನುತ್ತಾರೆ. ಹೆಂಗಸರಿಗೆ ಮಂಗಳೂರು ಒಳ್ಳೆಯದು ಅನ್ನುವುದಕ್ಕೆ ಕಾರಣ ಇದೆಯೇ, ಸುಮ್ಮನೆ ಮಾತೇ? — ದಾವಣಗೆರೆ

ಉತ್ತರ: ಕಾರಣ ಇದೆ. ಆದರೆ ಅದು ಹಗಲಿಗೆ ಹೊಂದುವಷ್ಟು ರಾತ್ರಿಗೆ ಹೊಂದುವುದಿಲ್ಲ.

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ಹೋಗುವ ಯಾವ ಸಿಟಿ ಬಸ್ ಹತ್ತಿದರೂ ಮುಂದಿನ ಅರ್ಧ ಹೆಂಗಸರಿಂದ ತುಂಬಿರುತ್ತದೆ. ಡ್ಯೂಟಿ ಮುಗಿಸಿದ ನರ್ಸ್‌ಗಳು, ಕಾಲೇಜು ಹುಡುಗಿಯರು, ಬ್ಯಾಂಕಿನವರು, ಬಟ್ಟೆ ಅಂಗಡಿಯ ಸೇಲ್ಸಿನವರು, ಮೀನು ಮಾರುವವರು. ಹಳ್ಳಿ ಕಡೆಯ ಬಸ್ಸಾದರೆ ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋಗುವವರು. ಇವರೆಲ್ಲ ಒಬ್ಬೊಬ್ಬರೇ ಹೋಗಿಬರುವವರು. ಒಬ್ಬಳೇ ಬ್ಯಾಗು ಹಿಡಿದು ನಿಂತ ಹೆಣ್ಣನ್ನು ಇಲ್ಲಿ ಯಾರೂ ತಿರುಗಿ ನೋಡದಿರುವುದು ಇದರಿಂದ. ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಸೇಂಟ್ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ. ಓದಲು, ದುಡಿಯಲು ಹೆಂಗಸರು ಹೊರಗೆ ಬರುವುದು ಇಲ್ಲಿ ಮೂರ್ನಾಲ್ಕು ತಲೆಮಾರಿನ ಅಭ್ಯಾಸ.

ಎರಡನೆಯ ಕಾರಣ ಆಸ್ಪತ್ರೆಗಳು. ಕಾಸರಗೋಡು, ಕೊಡಗು, ಮಲೆನಾಡಿನಿಂದ ರೋಗಿಯ ಜೊತೆ ಬಂದು ದಿನಗಟ್ಟಲೆ ಉಳಿಯುವ ಹೆಂಗಸರಿಗೆ ಲೆಕ್ಕವಿಲ್ಲ. ಆಸ್ಪತ್ರೆಗಳಿರುವ ಕಂಕನಾಡಿ, ಅತ್ತಾವರ, ಜ್ಯೋತಿ ಸರ್ಕಲ್ ಸುತ್ತಲಿನ ಲಾಡ್ಜು, ಕ್ಯಾಂಟೀನು, ಮೆಡಿಕಲ್ ಶಾಪುಗಳು ಅವರಿಗೆ ಒಗ್ಗಿಹೋಗಿವೆ.

ಮೂರನೆಯದು ಬಸ್ಸು. ಖಾಸಗಿ ಸಿಟಿ ಬಸ್ಸುಗಳು ಮುಖ್ಯ ರಸ್ತೆಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಹಗಲಲ್ಲಿ ಆಟೋ ಕಾಯುವ, ಚೌಕಾಸಿ ಮಾಡುವ ಗರಜೇ ಬೀಳುವುದಿಲ್ಲ. ಇದಕ್ಕೊಂದು ಕೊನೆ ಇದೆ: ರಾತ್ರಿ ಎಂಟೂವರೆ ದಾಟಿದ ಮೇಲೆ ಬಸ್ಸು ವಿರಳವಾಗುತ್ತದೆ, ಒಂಬತ್ತೂವರೆಗೆ ಬಹುಪಾಲು ರೂಟು ನಿಂತೇಹೋಗುತ್ತದೆ. ಅಂಗಡಿ ಬಾಗಿಲೂ ಅದೇ ಹೊತ್ತಿಗೆ ಬೀಳುತ್ತದೆ. ಬೆಂಗಳೂರಿನ ಲೆಕ್ಕ ಇಟ್ಟುಕೊಂಡು ಹತ್ತು ಗಂಟೆಗೆ ಊಟಕ್ಕೆ ಹೊರಟರೆ ಖಾಲಿ ರಸ್ತೆ ಸಿಗುತ್ತದೆ. ಅಪಾಯಕ್ಕಿಂತ ಅದು ಪೇಚಾಟ. ಸಂಜೆಯ ಕಾರ್ಯಕ್ರಮವನ್ನು ಎಂಟೂವರೆಯೊಳಗೆ ಮುಗಿಯುವಂತೆ ಜೋಡಿಸಿಕೊಂಡರೆ ಮೂರು ದಿನ ಸಲೀಸಾಗಿ ಕಳೆಯುತ್ತದೆ.

ಪ್ರಶ್ನೆ: ಶಕ್ತಿ ಯೋಜನೆಯಲ್ಲಿ ಉಚಿತ ಎಂದು ಆಧಾರ್ ಹಿಡಿದು ಮಂಗಳೂರಿನಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ದುಡ್ಡು ಕೇಳಿ ಎಲ್ಲರೆದುರು ನಕ್ಕರು. ಅವರು ಕೇಳಿದ್ದು ಸರಿಯೇ? — ಹುಬ್ಬಳ್ಳಿ

ಉತ್ತರ: ನಕ್ಕದ್ದು ತಪ್ಪು, ದುಡ್ಡು ಕೇಳಿದ್ದು ಸರಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಸರ್ಕಾರಿ ಬಸ್‌ಗಳಿಗೆ ಮಾತ್ರ. ಅದರಲ್ಲೂ ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಿಗೆ. ರಾಜಹಂಸ, ಎ.ಸಿ., ಸ್ಲೀಪರ್‌ಗೆ ಇಲ್ಲ, ಗಡಿ ದಾಟಿ ಕಾಸರಗೋಡಿಗೆ ಹೋಗುವ ಬಸ್ಸಿಗೂ ಇಲ್ಲ. ಮಂಗಳೂರು ನಗರದಲ್ಲಿ, ಮಂಗಳೂರು–ಉಡುಪಿ–ಕುಂದಾಪುರ ಹೆದ್ದಾರಿಯಲ್ಲಿ, ಮೂಡುಬಿದಿರೆ–ಕಾರ್ಕಳದ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಪುತ್ತೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆ ಕೆಎಸ್‌ಆರ್‌ಟಿಸಿ ಧಾರಾಳವಾಗಿದೆ. ಶೂನ್ಯ ಟಿಕೆಟ್ ಬೇಕಿದ್ದರೆ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಹೋಗಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ. ಟಿಕೆಟ್ ಸೊನ್ನೆ ರೂಪಾಯಿಯದಾದರೂ ಅದನ್ನು ಪಡೆದು ಇಳಿಯುವ ತನಕ ಇಟ್ಟುಕೊಳ್ಳಲೇಬೇಕು.

ಖಾಸಗಿ ಬಸ್ಸಿನ ರೀತಿಯನ್ನೂ ಹೇಳಿಬಿಡುತ್ತೇವೆ, ಹೊಸಬರು ಎಡವುವುದು ಇಲ್ಲೇ. ಹೆಂಗಸರು ಹತ್ತುವುದು, ಇಳಿಯುವುದು ಮುಂದಿನ ಬಾಗಿಲಲ್ಲಿ, ಕೂರುವುದು ಮುಂಭಾಗದಲ್ಲಿ. ‘ಸ್ಟೇಟ್‌ಬ್ಯಾಂಕ್’ ಎಂಬ ಬೋರ್ಡು ಕಂಡರೆ ಅದು ಹಂಪನಕಟ್ಟೆಯ ಕೆಳಗಿನ ಮುಖ್ಯ ಬಸ್ ನಿಲ್ದಾಣ. ಉಡುಪಿಗೆ ಹೋಗುವ ಬಸ್ಸುಗಳೂ ಅಲ್ಲಿಂದಲೇ ಹೊರಟು ಲಾಲ್‌ಬಾಗ್, ಕೊಟ್ಟಾರಚೌಕಿ ದಾಟಿ ಹೆದ್ದಾರಿ ಸೇರುತ್ತವೆ. ಹತ್ತುವ ಮೊದಲು ‘ಎಕ್ಸ್‌ಪ್ರೆಸ್ಸಾ, ಸರ್ವಿಸಾ?’ ಎಂದು ಕೇಳಿ. ಎಕ್ಸ್‌ಪ್ರೆಸ್ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿಯಂಥ ದೊಡ್ಡ ಸ್ಟಾಪುಗಳಲ್ಲಿ ನಿಂತು ಒಂದೂವರೆ ಗಂಟೆಯೊಳಗೆ ಉಡುಪಿ ಮುಟ್ಟಿಸುತ್ತದೆ. ಸರ್ವಿಸ್ ಬಸ್ ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ.

ಬಿದ್ದು ಪೆಟ್ಟಾಗುವುದು ಹೆಚ್ಚಾಗಿ ಇಳಿಯುವಾಗ. ಹಿಂದಿನ ಬಸ್ಸಿಗೆ ಟೈಮು ಬಿಟ್ಟುಕೊಡಬಾರದೆಂದು ಡ್ರೈವರ್ ಅವಸರದಲ್ಲಿರುತ್ತಾನೆ. ಒಂದು ಕಾಲು ನೆಲಕ್ಕೆ ತಾಗುವಷ್ಟರಲ್ಲಿ ‘ರೈಟ್ ಪೋಯಿ’ (ರೈಟ್, ಹೋಗೋಣ) ಕೇಳಿಸುತ್ತದೆ. ಹತ್ತಿದ ಕೂಡಲೇ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಿ, ಒಂದು ಸ್ಟಾಪ್ ಮೊದಲೇ ಎದ್ದು ಬಾಗಿಲ ಬಳಿಯ ಕಂಬಿ ಹಿಡಿದು ನಿಲ್ಲಿ, ಬಸ್ಸು ಪೂರ್ತಿ ನಿಂತ ಮೇಲೆ ಮುಖ ಮುಂದಕ್ಕೆ ಮಾಡಿ ಇಳಿಯಿರಿ. ಎರಡು ಕೈಯಲ್ಲೂ ಬ್ಯಾಗಿದ್ದರೆ ಇದು ಆಗುವುದಿಲ್ಲ. ಬೆನ್ನಿಗೆ ಹಾಕುವ ಒಂದೇ ಬ್ಯಾಗು ತನ್ನಿ. 10, 20ರ ನೋಟು ಕೈಯಲ್ಲಿರಲಿ. ಚಿಲ್ಲರೆಯ ಜಗಳ ಬೆಳಿಗ್ಗೆ ಹೊತ್ತು ಯಾರಿಗೂ ಬೇಡ.

ಪ್ರಶ್ನೆ: ಬೆಂಗಳೂರಿನಿಂದ ರಾತ್ರಿ ಸ್ಲೀಪರ್ ಬಸ್ ಬುಕ್ ಮಾಡಿದ್ದೇನೆ. ಮಂಗಳೂರಿಗೆ ಮುಟ್ಟುವುದು ಬೆಳಗಿನ ನಾಲ್ಕೂವರೆಗಂತೆ. ಎಲ್ಲಿ ಇಳಿಯಲಿ? ರೈಲೇ ಮೇಲಾಗಿತ್ತೇ? — ಬೆಂಗಳೂರು

ಉತ್ತರ: ಪಂಪ್‌ವೆಲ್‌ನಲ್ಲಿ ಇಳಿಯಬೇಡಿ. ಅದು ಹೆದ್ದಾರಿ ಕೂಡುವ ಜಾಗ. ಫ್ಲೈಓವರ್ ಅಡಿ ಆ ಹೊತ್ತಿಗೆ ಒಂದೆರಡು ರಿಕ್ಷಾ ಬಿಟ್ಟರೆ ಏನೂ ಇರುವುದಿಲ್ಲ. ಜ್ಯೋತಿ ಅಥವಾ ಕಂಕನಾಡಿಯಲ್ಲಿ ಆಸ್ಪತ್ರೆಗಳಿರುವುದರಿಂದ ಬೆಳಕು, ಸೆಕ್ಯುರಿಟಿಯವರು, ಜನ ಇರುತ್ತಾರೆ. ಕೆಎಸ್‌ಆರ್‌ಟಿಸಿ ಬಸ್ಸಾದರೆ ಬಿಜೈಯ ಕೊನೆಯ ನಿಲ್ದಾಣದ ತನಕ ಕೂತೇ ಇರಿ. ಅಲ್ಲಿ ರಾತ್ರಿಯಿಡೀ ಬಸ್ಸು ಬರುತ್ತಿರುತ್ತದೆ, ಕೂರಲು ಜಾಗ ಇದೆ. ಆರಕ್ಕೆ ಸಿಟಿ ಬಸ್ಸು ಓಡಲು ಶುರುವಾಗುವ ತನಕ ಅಲ್ಲೇ ಕಾಯಬಹುದು. ಅದಕ್ಕಿಂತ ಮೊದಲು ಹೊರಡಲೇಬೇಕಿದ್ದರೆ ಓಡುವ ರಿಕ್ಷಾಕ್ಕೆ ಕೈ ತೋರಿಸುವ ಬದಲು ರಿಕ್ಷಾ ಪಾರ್ಕಿನಲ್ಲಿ ಸಾಲಿನ ಮೊದಲ ಗಾಡಿ ಹಿಡಿಯಿರಿ. ಪಾರ್ಕಿನವರಿಗೆ ಒಬ್ಬರ ಗುರುತು ಒಬ್ಬರಿಗಿರುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ ಮೀಟರಿನ ಮೇಲೆ ಅರ್ಧ ಹೆಚ್ಚು. ಅದು ನಿಯಮ, ಮೋಸವಲ್ಲ.

ಸ್ಲೀಪರ್ ಬುಕ್ ಮಾಡುವಾಗ 2+1 ಜೋಡಣೆಯ ಬಸ್ಸಿನಲ್ಲಿ ಒಂಟಿ ಬದಿಯ ಬರ್ತ್ ಆರಿಸಿ. ಜೋಡಿ ಬದಿಯಲ್ಲಿ ಪಕ್ಕದವರು ಯಾರೆಂಬುದು ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ಸು ಬೇರೆ ಘಾಟಿಯ ದಾರಿ ಹಿಡಿಯುತ್ತದೆ. ಆಗ ತಡವಾಗುವುದು ನಿಮಗೆ ಲಾಭವೇ, ಬೆಳಕಿಗೆ ಮುಟ್ಟುತ್ತೀರಿ.

ರೈಲಿನಲ್ಲಿ ಅನುಕೂಲ ಹೆಚ್ಚು, ಸ್ಟೇಷನ್ನಿನ ಗೊಂದಲವೂ ಹೆಚ್ಚು. ಮಂಗಳೂರು ಸೆಂಟ್ರಲ್ ಊರೊಳಗಿದೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಮಂಗಳೂರು ಜಂಕ್ಷನ್ ಪಡೀಲ್ ಕಡೆ, ಪೇಟೆಯಿಂದ ಐದಾರು ಕಿ.ಮೀ. ದೂರ. ಮುಂಬೈ–ಕೇರಳ ನಡುವಿನ ನೇತ್ರಾವತಿ ಜಂಕ್ಷನ್‌ಗೆ ಮಾತ್ರ ಬರುತ್ತದೆ, ಮತ್ಸ್ಯಗಂಧಾ ಹೊರಡುವುದು ಸೆಂಟ್ರಲ್‌ನಿಂದ. ಬೆಂಗಳೂರು–ಕಾರವಾರ ಪಂಚಗಂಗಾ ಈ ಎರಡೂ ಸ್ಟೇಷನ್ನಿಗೆ ಬರದೆ ಬೈಪಾಸ್ ಹಿಡಿದು ಸುರತ್ಕಲ್ ಕಡೆ ಹೋಗುತ್ತದೆ, ಉಡುಪಿಗೆ ಬೆಳಗಿನ ಜಾವ ಮುಟ್ಟುತ್ತದೆ. ಉಡುಪಿ ಸ್ಟೇಷನ್ ಇಂದ್ರಾಳಿಯಲ್ಲಿದೆ, ಪೇಟೆಗೆ ನಾಲ್ಕು ಕಿ.ಮೀ. ಬೆಳಕಾಗುವ ತನಕ ಪ್ಲಾಟ್‌ಫಾರ್ಮ್ ಬಿಟ್ಟು ಹೊರಬರಬೇಡಿ. ಗಾಡಿಯಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಿ, ಪಿಎನ್‌ಆರ್, ಕೋಚ್, ಬರ್ತ್ ಸಂಖ್ಯೆ ಹೇಳಿ. ‘ಮೇರಿ ಸಹೇಲಿ’ ಎಂಬ ವ್ಯವಸ್ಥೆಯಡಿ ಒಂಟಿ ಮಹಿಳೆಯರನ್ನು ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಮಹಿಳಾ ಸಿಬ್ಬಂದಿ ಬಂದು ವಿಚಾರಿಸುವುದೂ ಉಂಟು. ಗಾಬರಿಯಾಗಬೇಡಿ, ಸೀಟು ನಂಬರು ಕೇಳುವುದು ಅದಕ್ಕೇ.

ಪ್ರಶ್ನೆ: ‘ಸಿಂಗಲ್ ಲೇಡಿಗೆ ರೂಮು ಇಲ್ಲ’ ಎಂದು ಲಾಡ್ಜಿನವರು ವಾಪಸು ಕಳಿಸಿದರು. ಹಾಗೊಂದು ಕಾನೂನು ಇದೆಯೇ? — ಚಿಕ್ಕಮಗಳೂರು

ಉತ್ತರ: ಇಲ್ಲ. ಗುರುತಿನ ಚೀಟಿ ಪಡೆದು ರಿಜಿಸ್ಟರಿನಲ್ಲಿ ಬರೆಯಬೇಕು ಎಂಬ ನಿಯಮ ಇದೆಯೇ ಹೊರತು, ವಯಸ್ಕ ಹೆಣ್ಣಿಗೆ ಒಬ್ಬಳೇ ಇರುವ ಕಾರಣಕ್ಕೆ ರೂಮು ಕೊಡಬಾರದು ಎಂದು ಎಲ್ಲೂ ಇಲ್ಲ. ‘ಪೊಲೀಸರು ಹೇಳಿದ್ದಾರೆ’ ಅಂದರೆ ‘ಹಾಗಾದರೆ 112ಕ್ಕೆ ಕೇಳಿಬಿಡುತ್ತೇನೆ’ ಅನ್ನಿ. ಹೆಚ್ಚಿನ ಸಲ ಅಷ್ಟಕ್ಕೇ ಕೀಲಿಕೈ ಹೊರಬರುತ್ತದೆ. ಆದರೆ ಹಾಗೆ ಗೆದ್ದ ರೂಮಿನಲ್ಲಿ ಉಳಿಯಬೇಕೇ ಅನ್ನುವುದು ಬೇರೆ ಪ್ರಶ್ನೆ. ನಮ್ಮ ಮಾತು ಕೇಳಿದರೆ, ಬೇಡ.

ಹಿಂದಿನ ದಿನವೇ ಫೋನು ಮಾಡಿ: ಒಬ್ಬರೇ ಹೆಂಗಸು, ಇಷ್ಟು ಗಂಟೆಗೆ ಬರುತ್ತೇನೆ, ರಿಸೆಪ್ಷನ್ನಿನಲ್ಲಿ ರಾತ್ರಿ ಜನ ಇರುತ್ತಾರೆಯೇ, ಚೆಕ್‌ಔಟ್ 24 ಗಂಟೆಯದೋ ಮಧ್ಯಾಹ್ನ ಹನ್ನೆರಡರದೋ? ಕೊನೆಯ ಪ್ರಶ್ನೆ ದುಡ್ಡಿನದು. ಬೆಳಿಗ್ಗೆ ಆರಕ್ಕೆ ಬಂದವರಿಗೆ ಹನ್ನೆರಡರ ಚೆಕ್‌ಔಟ್ ಇದ್ದರೆ ಆರು ಗಂಟೆಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ಆಸ್ಪತ್ರೆ ಸುತ್ತಲಿನ ಲಾಡ್ಜುಗಳನ್ನು ನಾವು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ ಇದೇ: ನಡುರಾತ್ರಿ ಬಂದ ಹೆಂಗಸನ್ನು ಅಲ್ಲಿ ಪ್ರಶ್ನೆ ಮಾಡುವುದಿಲ್ಲ, ಕೌಂಟರಿನಲ್ಲಿ ಯಾವಾಗಲೂ ಜನ ಇರುತ್ತಾರೆ. ಚಂದದ ನೋಟ ಬೇಕೆನ್ನುವವರಿಗೆ ಅವು ಹಿಡಿಸಲಿಕ್ಕಿಲ್ಲ. ಉಡುಪಿ ಕಡೆಯಾದರೆ ಮಣಿಪಾಲದ ಟೈಗರ್ ಸರ್ಕಲ್ ಸುತ್ತ ಇದೇ ಅನುಕೂಲ. ಆಸ್ಪತ್ರೆಯ ಜೊತೆಗೆ ಕಾಲೇಜು ಹುಡುಗಿಯರ ಓಡಾಟವೂ ಇರುವುದರಿಂದ ಊಟ ತಡವಾಗಿಯೂ ಸಿಗುತ್ತದೆ.

ಆಧಾರ್‌ನ ನಕಲು ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ, ಆಧಾರ್ ಜಾಲತಾಣದಲ್ಲೇ ಸಿಗುತ್ತದೆ. ರೂಮಿಗೆ ಹೋದ ಕೂಡಲೇ ಬ್ಯಾಗು ಇಡುವ ಮೊದಲು ಒಳಗಿನ ಚಿಲಕ ಹಾಕಿ ತೆಗೆಯಿರಿ. ಕರಾವಳಿಯ ತೇವಕ್ಕೆ ಮರದ ಬಾಗಿಲು ಉಬ್ಬಿ ಚಿಲಕ ಕೂರದಿರುವುದು ಇಲ್ಲಿ ಸಾಮಾನ್ಯ. ಬಚ್ಚಲಿನ ವೆಂಟಿಲೇಟರ್ ಕಾರಿಡಾರಿಗೆ ತೆರೆದಿದೆಯೇ, ಇಂಟರ್‌ಕಾಂ ಕೆಲಸ ಮಾಡುತ್ತದೆಯೇ ನೋಡಿ. ಸರಿಯಿಲ್ಲದಿದ್ದರೆ ಆಗಲೇ ಬೇರೆ ರೂಮು ಕೇಳಿ. ಹಾಸಿಗೆ ಮುದುರಿದ ಮೇಲೆ ಕೇಳಿದರೆ ಕೊಡುವುದಿಲ್ಲ.

ಪ್ರಶ್ನೆ: ನನಗೆ 52. ಉಡುಪಿ ಕೃಷ್ಣನ ದರ್ಶನ, ಕೊಲ್ಲೂರು, ಎರಡನ್ನೂ ಒಬ್ಬಳೇ ಮುಗಿಸಬಹುದೇ? ಮಗ ‘ಟ್ಯಾಕ್ಸಿ ಮಾಡಿಕೊಡುತ್ತೇನೆ’ ಅನ್ನುತ್ತಾನೆ. — ತುಮಕೂರು

ಉತ್ತರ: ಟ್ಯಾಕ್ಸಿ ಬೇಡ ಅಮ್ಮ, ಬಸ್ಸು ಸಾಕು. ಉಡುಪಿಯ ತನಕ ರೈಲು ಬುಕ್ ಮಾಡುವಾಗ ನಿಮ್ಮ ವಯಸ್ಸು ಸರಿಯಾಗಿ ನಮೂದಿಸಿ ಲೋಯರ್ ಬರ್ತ್ ಕೋಟಾ ಆರಿಸಿ. 45 ದಾಟಿದ ಹೆಂಗಸರಿಗೆ ಅದರಲ್ಲಿ ಹಕ್ಕಿದೆ. ಬುಕ್ ಮಾಡುವಾಗ ಮಗ ಒಂದೇ ಟಿಕೆಟಿನಲ್ಲಿ ತನ್ನನ್ನೂ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ, ಬೇರೆ ಬೇರೆ ಟಿಕೆಟೇ ಆಗಬೇಕು.

ಉಡುಪಿಯ ಕೃಷ್ಣಮಠದ ಸುತ್ತಲಿನ ರಥಬೀದಿ ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರ ತನಕ ಜನರಿರುವ ಜಾಗ. ಒಬ್ಬರೇ ಕೂತು ಊಟ ಮಾಡಲು ಸಂಕೋಚ ಪಡಬೇಕಿಲ್ಲ, ಮಠದ ಭೋಜನಶಾಲೆಯಲ್ಲಿ ಪಂಕ್ತಿಯಲ್ಲಿ ಕೂತರಾಯಿತು. ಉಳಿಯುವುದಾದರೆ ರಥಬೀದಿಗೆ ನಡೆದುಹೋಗುವಷ್ಟು ಹತ್ತಿರ ರೂಮು ಹಿಡಿಯಿರಿ. ದೇವಸ್ಥಾನ, ಮಠಗಳ ವಸತಿಗೃಹಗಳಲ್ಲಿ ಕೆಲವೆಡೆ ಒಬ್ಬರಿಗೆ ರೂಮು ಕೊಡದ ಪದ್ಧತಿ ಇದೆ. ಹೋದ ಮೇಲೆ ಕೇಳುವುದಕ್ಕಿಂತ ಮೊದಲೇ ಫೋನಿನಲ್ಲಿ ಕೇಳಿ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯ. ಆ ವಾರ ಮತ್ತು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ದಿನ ರೂಮಿನ ಆಸೆ ಬಿಡಿ. ನೂಕುನುಗ್ಗಲಿನಲ್ಲಿ ಒಬ್ಬರೇ ಹೋಗುವುದೂ ಬೇಡ.

ಕೊಲ್ಲೂರು ಉಡುಪಿಯಿಂದ ಸುಮಾರು 75 ಕಿ.ಮೀ. ನೇರ ಬಸ್ಸು ಸಿಗದಿದ್ದರೆ ಕುಂದಾಪುರದಲ್ಲಿ ಇಳಿದು ಬದಲಿಸಿ. ಏಳರೊಳಗೆ ಹೊರಟರೆ ಮಧ್ಯಾಹ್ನದ ಊಟ ಮುಗಿಸಿ ನಾಲ್ಕಕ್ಕೆ ವಾಪಸು ಹೊರಡಬಹುದು. ಕೊಲ್ಲೂರಿಗೆ ಹತ್ತಿರವಾಗುವಾಗ ದಾರಿ ಕಾಡಿನದು, ಸಂಜೆಯ ಬಸ್ಸು ತಪ್ಪಿದರೆ ಮತ್ತೊಂದರ ಭರವಸೆ ಇಲ್ಲ. ಇಳಿದ ತಕ್ಷಣ ವಾಪಸು ಬಸ್ಸಿನ ಸಮಯ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಸೂರ್ಯಾಸ್ತಕ್ಕೆ ಒಬ್ಬಳೇ ಬೀಚಿಗೆ ಹೋಗಬಹುದೇ? ಯಾವುದು ಒಳ್ಳೆಯದು? — ಬಳ್ಳಾರಿ

ಉತ್ತರ: ಮಲ್ಪೆ. ಉಡುಪಿ ಪೇಟೆಯಿಂದ ಆರು ಕಿ.ಮೀ., ಬಸ್ಸು ಇಳಿದು ಸ್ವಲ್ಪ ನಡೆದರೆ ಮರಳು, ಅಂಗಡಿ, ಸಂಸಾರದವರು, ಮಕ್ಕಳು. ಪಣಂಬೂರಿನಲ್ಲೂ ಜನ ಇರುತ್ತಾರೆ, ಆದರೆ ಹೆದ್ದಾರಿಯಿಂದ ಒಳಗೆ ನಡೆಯಬೇಕಾದ ಬಂದರಿನ ರಸ್ತೆ ಕತ್ತಲಾದ ಮೇಲೆ ನಿರ್ಜನ. ಹೋಗುವಾಗ ಬಸ್ಸು, ಬರುವಾಗ ರಿಕ್ಷಾ ಇಟ್ಟುಕೊಳ್ಳಿ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುವುದು ಸೊಗಸು. ದೋಣಿಯವರನ್ನು ‘ಕೊನೆಯದು ಎಷ್ಟಕ್ಕೆ?’ ಎಂದು ಕೇಳದೆ ಹೋದವರು ಕೂಳೂರಿನ ಕಡೆಯಿಂದ ಸುತ್ತಿಕೊಂಡು ಬರಬೇಕಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಆರು ದಾಟುತ್ತಲೇ ಮುಳುಗುತ್ತಾನೆ, ಮೇ ತಿಂಗಳಲ್ಲಿ ಆರೂಮುಕ್ಕಾಲರ ಸುಮಾರಿಗೆ. ಮುಳುಗಿದ ಮೇಲೆ ಅರ್ಧ ಗಂಟೆಯಲ್ಲಿ ಜನ ಕರಗುತ್ತಾರೆ. ನೀವೂ ಆಗಲೇ ಎದ್ದುಬಿಡಿ.

ಮನುಷ್ಯರಿಗಿಂತ ಇಲ್ಲಿ ಹೆದರಬೇಕಾದ್ದು ನೀರಿಗೆ. ಎರಡು ಕಡೆ ನೊರೆಯ ಅಲೆ, ನಡುವೆ ಅಲೆಯಿಲ್ಲದ, ಮಣ್ಣುಬಣ್ಣದ ಸಮಾಧಾನದ ನೀರು ಕಂಡರೆ ಹೊಸಬರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ವಾಪಸು ಹರಿಯುವ ಸೆಳೆತದ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ಒಳಬನ್ನಿ. ಒಬ್ಬರೇ ಇದ್ದಾಗ ಮೊಣಕಾಲಿನಷ್ಟು ನೀರು ಸಾಕು. ಸೋಮೇಶ್ವರ ಬೀಚಿನ ಬಂಡೆಗಳ ಮೇಲೆ ಪಾಚಿ, ಫೋಟೋಕ್ಕೆಂದು ಹತ್ತಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲ ಬೀಚಿನಲ್ಲೂ ನೋಡುವುದಷ್ಟೇ. ಸೇಂಟ್ ಮೇರಿಸ್ ದ್ವೀಪದ ದೋಣಿಯೂ ಮಳೆಗಾಲದಲ್ಲಿ ನಿಂತಿರುತ್ತದೆ.

ಪ್ರಶ್ನೆ: ರಾತ್ರಿ ಯಕ್ಷಗಾನ ಬಯಲಾಟ ನೋಡಬೇಕೆಂಬ ಆಸೆ. ಒಬ್ಬಳೇ ಹೋದರೆ? — ಧಾರವಾಡ

ಉತ್ತರ: ಹೋಗಿ. ಹೆಂಗಸರು, ಅಜ್ಜಿಯರು, ಮಕ್ಕಳು ತುಂಬಿರುವ ಸಭೆ ಅದು. ಮೇಳಗಳು ಊರೂರು ಸುತ್ತಿ ಆಡುವ ತಿರುಗಾಟದ ಕಾಲ ನವೆಂಬರಿನಿಂದ ಮೇ ಕೊನೆಗೆ ಬರುವ ಪತ್ತನಾಜೆ ಎಂಬ ದಿನದ ತನಕ. ತೊಂದರೆ ಇರುವುದು ವಾಪಸು ಬರುವುದರಲ್ಲಿ. ಕೇಳಲು ವಿಚಿತ್ರ ಅನ್ನಿಸಬಹುದು, ಕಾಲಮಿತಿಯ ಆಟಕ್ಕಿಂತ ಬೆಳಗಿನ ತನಕದ ಆಟ ನಿಮಗೆ ಅನುಕೂಲ. ಕಾಲಮಿತಿಯದು ನಡುರಾತ್ರಿಯ ಆಸುಪಾಸಿನಲ್ಲಿ ಮುಗಿದರೆ ಬಸ್ಸೂ ಇಲ್ಲ, ಒಳಹಳ್ಳಿಯಲ್ಲಿ ಆ್ಯಪ್ ಟ್ಯಾಕ್ಸಿಯೂ ಬರುವುದಿಲ್ಲ. ಬೆಳಗಿನ ಆಟ ಮುಗಿಯುವಾಗ ಮೊದಲ ಬಸ್ಸು ಹೊರಟಿರುತ್ತದೆ. ಕಾಲಮಿತಿಗೇ ಹೋಗುವುದಾದರೆ ಕದ್ರಿ, ಉಡುಪಿ ರಥಬೀದಿಯಂಥ ಪೇಟೆಯೊಳಗಿನ ಆಟ ಆರಿಸಿ, ಇಲ್ಲವೇ ಹೋದ ರಿಕ್ಷಾದವರ ನಂಬರು ಪಡೆದು ವಾಪಸಿಗೂ ಮಾತಾಡಿಕೊಳ್ಳಿ. ವೇಷ ಹಾಕುವ ಜಾಗವಾದ ಚೌಕಿ ನೋಡಬೇಕಿದ್ದರೆ ಮೇಳದವರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಹೋಗಿ.

ಪ್ರಶ್ನೆ: ಮಂಗಳೂರಿನಲ್ಲಿ ಸಹೋದ್ಯೋಗಿ ಹುಡುಗನ ಜೊತೆ ಕಾಫಿಗೆ ಕೂತರೂ ಯಾರಾದರೂ ಬಂದು ಕೇಳುತ್ತಾರೆ ಅನ್ನುತ್ತಾರಲ್ಲ? — ಮೈಸೂರು

ಉತ್ತರ: ಇದನ್ನು ಮುಚ್ಚಿಟ್ಟು ಊರನ್ನು ಹೊಗಳಲಾಗದು. 2009ರ ಜನವರಿಯಲ್ಲಿ ಪಬ್ಬಿನಲ್ಲಿದ್ದ ಹೆಣ್ಣುಮಕ್ಕಳ ಮೇಲೆ, 2012ರ ಜುಲೈಯಲ್ಲಿ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದವರ ಮೇಲೆ ಹಲ್ಲೆ ನಡೆದದ್ದು ಈ ಊರಿನಲ್ಲೇ. ಒಬ್ಬಳೇ ಓಡಾಡುವ ಹೆಣ್ಣನ್ನು ಯಾರೂ ಕೇಳುವುದಿಲ್ಲ; ಜೊತೆಗೆ ಹುಡುಗನಿದ್ದರೆ, ಅದರಲ್ಲೂ ಬೇರೆ ಧರ್ಮದವನಾಗಿದ್ದರೆ, ಕೆಲವರು ಹಿಂಬಾಲಿಸುವುದು, ವೀಡಿಯೊ ಮಾಡುವುದು ಇದೆ. ಪೇಟೆಯ ಕಾಫಿ ಶಾಪು, ಮಾಲ್‌ಗಳಲ್ಲಿ ಇದು ಅಪರೂಪ. ಬಸ್ಸು, ನಿರ್ಜನ ಬೀಚು, ಪಿಕ್ನಿಕ್ ಜಾಗಗಳಲ್ಲಿ ಹೆಚ್ಚು.

ತಡೆದರೆ ಹೆಸರು, ಧರ್ಮ, ಊರು ಹೇಳುವ ಅಗತ್ಯವಿಲ್ಲ, ವಾದವೂ ಬೇಡ. ಹತ್ತಿರದ ಅಂಗಡಿಯೊಳಗೆ ಹೋಗಿ ನಿಂತು 112ಕ್ಕೆ ಕರೆ ಮಾಡಿ, ಎದುರಿನ ಬೋರ್ಡು ಓದಿ ಜಾಗ ಹೇಳಿ, ಅವರ ಬೈಕಿನ ನಂಬರು ನೆನಪಿಡಿ. ದಾರಿ ಅಡ್ಡಗಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಪರಾಧ, ಬೆದರಿಕೆ 351ರಡಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ವೀಡಿಯೊ ಹರಿಯಬಿಟ್ಟಿದ್ದರೆ ಅದರ ಲಿಂಕು, ಸ್ಕ್ರೀನ್‌ಶಾಟು ತೆಗೆದಿಟ್ಟುಕೊಂಡೇ ದೂರು ಕೊಡಿ. ಅವರು ಅಳಿಸಿಬಿಟ್ಟ ಮೇಲೆ ಸಾಬೀತುಪಡಿಸುವುದು ಕಷ್ಟ.

ಚುಟುಕಾಗಿ

*ತುಳು ಬರುವುದಿಲ್ಲ, ತೊಂದರೆಯೇ? (ರಾಯಚೂರು)* ಇಲ್ಲ. ಕನ್ನಡ ಎಲ್ಲರಿಗೂ ಬರುತ್ತದೆ. ‘ಅಕ್ಕ’, ‘ಅಣ್ಣ’ ಅಂದರೆ ಕೆಲಸ ಆಗುತ್ತದೆ. ದಾರಿ ಕೇಳುವುದಾದರೆ ಅಂಗಡಿಯಲ್ಲಿ ಕೂತ ಹೆಂಗಸರನ್ನು ಕೇಳಿ, ಬಸ್ಸು ಹತ್ತಿಸಿಯೇ ಬಿಡುತ್ತಾರೆ.

*ಜೂನ್‌ನಲ್ಲಿ ಬರಬಹುದೇ? (ಗದಗ)* ಮಳೆ ನೋಡಲಿಕ್ಕಾದರೆ ಬನ್ನಿ. ಕೊಡೆ ಮಾತ್ರ ಸಾಲದು, ಫೋನಿಗೆ ಪ್ಲಾಸ್ಟಿಕ್ ಕವರು, ಜಾರದ ರಬ್ಬರ್ ಚಪ್ಪಲಿ, ಒಂದು ಜೊತೆ ಹೆಚ್ಚಿನ ಬಟ್ಟೆ ಬೇಕು. ಹತ್ತಿಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ.

*ಹೋಟೆಲಿನಲ್ಲಿ ಒಬ್ಬಳೇ ಕೂರಲು ಮುಜುಗರ. (ಹಾಸನ)* ಬೆಳಿಗ್ಗೆ ಎಂಟಕ್ಕೆ ಯಾವುದಾದರೂ ಸಸ್ಯಾಹಾರಿ ಹೋಟೆಲಿಗೆ ಹೋಗಿ ಬನ್ಸ್, ಚಹಾ ಹೇಳಿ. ಪಕ್ಕದ ಮೇಜಿನಲ್ಲೂ ಒಬ್ಬರೇ ಕೂತಿರುತ್ತಾರೆ. ಮೀನೂಟಕ್ಕೆ ಹನ್ನೆರಡೂವರೆಗೇ ಹೋಗಿ, ಒಂದೂವರೆಗೆ ಸೀಟೂ ಸಿಗದು, ಒಳ್ಳೆಯ ಮೀನೂ ಉಳಿಯದು.